ಕಾವೇರಿ ಮೀನು, ಗಾಳ, ಲೈಸೆನ್ಸ್: ಸ್ವಲ್ಪ ನೋಟ್ಸ್

ಗಾಳ ಹಾಕೋಕೆ ಲೈಸೆನ್ಸ್ ಎಲ್ಲಿ ಸಿಗುತ್ತೆ ಅಂತ ಎಲ್ರೂ ಕೇಳ್ತಾರೆ, ಅದಕ್ಕಿಂತ ಮೊದಲು ಆ ನೀರು ಯಾರ ಸುಪರ್ದಿಲಿದೆ ಅಂತ ತಿಳ್ಕೊಳ್ಳಿ. ಡ್ಯಾಮ್ ಹಿನ್ನೀರು, ಕೆರೆ ಎಲ್ಲ ಮೀನುಗಾರಿಕೆ ಇಲಾಖೆ ಕಡೆಯವು, ಅದಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಕೆರೆನ ಗುತ್ತಿಗೆಗೆ ಕೊಟ್ಟಿದ್ರೆ ಗುತ್ತಿಗೆದಾರರನ್ನ ಕೇಳದೆ ಗಾಳ ಇಳಿಸ್ಬೇಡಿ. ಆದ್ರೆ ಭೀಮೇಶ್ವರಿ, ಗಾಳಿಬೋರೆ ಕಡೆ ಹೋದ್ರೆ ಅದು ಕಾವೇರಿ ವನ್ಯಜೀವಿಧಾಮ. ಅಲ್ಲಿ ನಡೆಯೋದು 1972ರ ವನ್ಯಜೀವಿ ಕಾಯ್ದೆ, ಹಿಡಿದು ವಾಪಸ್ ನೀರಿಗೆ ಬಿಟ್ಟೆ ಅಂದ್ರೂ ಬೇಟೆ ಲೆಕ್ಕಕ್ಕೇ ಸೇರಿಸ್ತಾರೆ. ಒಂದು ಕಾಲಕ್ಕೆ ಮಹಶೀರ್ ಅನ್ನೋ ದೊಡ್ಡ ನದಿ ಮೀನಿನ ಆಸೆಗೆ ವಿದೇಶದವರು ಬಂದು ಉಳ್ಕೊಳ್ತಿದ್ದ ಆ ಕ್ಯಾಂಪುಗಳಲ್ಲಿ ಗಾಳ ನಿಂತಿದ್ದು ಹಿಂಗೆ.

ಮಹಶೀರನ್ನ ನಮ್ ಕಡೆ ಬಿಳಿ ಮೀನು ಅಂತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಲಿ ಹಿಡಿದದ್ದು 120 ಪೌಂಡ್, ಅಂದ್ರೆ 54 ಕೆಜಿ! ತಮಾಷೆ ಏನಂದ್ರೆ ಇಷ್ಟು ಹೆಸರುವಾಸಿ ಡುಬ್ಬದ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾಗಿದ್ದು 2018ರಲ್ಲಿ. ಕೇರಳದ ಪಾಂಬಾರ್ ಹೊಳೆಲಿ ಸಿಕ್ಕಿ 2007ರಲ್ಲಿ ಟಾರ್ ರೆಮಾದೇವಿ ಅಂತ ಹೆಸರಿಟ್ಟಿದ್ರಲ್ಲ, ಅದೇ ಇದು ಅಂತ ಗೊತ್ತಾಯ್ತು, ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರ್ತು. ಮರಿ ತಂದು ಬಿಟ್ಟ ನೀಲಿ ರೆಕ್ಕೆ ಮಹಶೀರ್ ಈಗ ಅದರ ಜಾಗ ಹಿಡಿದಿದೆ.

ಗುರುತಿಸೋದು ಹೆಂಗೆ? ಗೆಂಡೆಗೂ (ಕಾಮನ್ ಕಾರ್ಪ್) ಮಹಶೀರ್‌ಗೂ ಎರಡೆರಡು ಜೊತೆ ಮೀಸೆ ಇರುತ್ತೆ, ಅದನ್ನ ನೋಡಿದ್ರೆ ಏಮಾರ್ತೀರ, ಬೆನ್ನು ನೋಡಿ. ಗೆಂಡೆಗೆ ಬೆನ್ನಿನ ರೆಕ್ಕೆ ಬಾಲದ ಹತ್ರದವರೆಗೂ ಉದ್ದಕ್ಕೆ ಹೋಗುತ್ತೆ, ಮಹಶೀರ್‌ಗೆ ಗಿಡ್ಡ, ಆದ್ರೆ ಹುರುಪೆ ದೊಡ್ಡ ದೊಡ್ಡದು. ಕಾಟ್ಲಾಗೆ ಮೀಸೆ ಇಲ್ಲ, ಬಾಯಿ ಮೇಲ್ಮುಖ. ಜಿಲೇಬಿ ಮೀನಿನ (ಟಿಲಾಪಿಯಾ) ಬೆನ್ನಿನ ಮುಳ್ಳು ಕೈಗೆ ಚುಚ್ಚಿದ್ರೆ ಆಮೇಲೆ ಯಾರೂ ಹೇಳ್ಕೊಡಬೇಕಾಗಿಲ್ಲ.

ಹಳಬರು ಮಹಶೀರ್‌ಗೆ ಹಾಕ್ತಿದ್ದ ಎರೆ ರಾಗಿ ಹಿಟ್ಟಿಂದು, ಗಟ್ಟಿಯಾಗಿ ಕಲಸಿ ಬೇಯಿಸಿ ಉಂಡೆ ಮಾಡಿ ಗಾಳ ಪೂರ್ತಿ ಮುಚ್ಚೋ ಹಂಗೆ ಮೆತ್ತೋದು, ಮೆತ್ತಗಿದ್ರೆ ಹರಿಯೋ ನೀರಲ್ಲಿ ಕರಗಿ ಹೋಗುತ್ತೆ. ಮಹಶೀರ್ ಏಡಿ ಎರೆಗೂ ಬೀಳುತ್ತೆ, ಗಂಟಲೊಳಗಿನ ಹಲ್ಲಲ್ಲಿ ಚಿಪ್ಪನ್ನೇ ಪುಡಿ ಮಾಡುತ್ತೆ.

ಪರೀಕ್ಷೆಗೆ ಓದೋರಿಗೆ ಇನ್ನೊಂದು: ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯೋದು ಅಪರಾಧ ಅಂತ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಲೇ ಇತ್ತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕೋದೂ ನಿಷೇಧ, ಗಾಳಕ್ಕೆ ಬಿದ್ರೆ ಪಾಪ ಅಂತ ವಾಪಸ್ ನದಿಗೆ ಬಿಡ್ಬೇಡಿ.