ಫ್ರೆಂಚ್‌ನ ಉದ್ದ ಪದಗಳನ್ನು ಎಲ್ಲಿ ಒಡೆದು ಓದಬೇಕು?

ಪ್ರಶ್ನೆ: ಫ್ರೆಂಚ್‌ನಲ್ಲಿ ಮಾರುದ್ದದ ನಾಮಪದ ಬಂದರೆ ತಡವರಿಸುತ್ತೇನೆ. ಉಪಸರ್ಗ, ಮೂಲಪದ, ಪ್ರತ್ಯಯ ಅಂತ ಬಿಡಿಸಿಕೊಂಡು ಅಲ್ಲಲ್ಲೇ ನಿಲ್ಲಿಸಿ ಓದಿದರೆ ಸರಿಯಾಗುತ್ತದಾ?

ಇಲ್ಲ, ಆಗುವುದಿಲ್ಲ. ಪ್ರತಿ ಬ್ಯಾಚಿನಲ್ಲೂ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ನಾನು ಇದನ್ನೇ ಹೇಳುತ್ತೇನೆ. ಪದದ ಬೆಸುಗೆ ಇರುವ ಜಾಗ ಬೇರೆ, ಬಾಯಲ್ಲಿ ಅದು ಒಡೆಯುವ ಜಾಗ ಬೇರೆ.

'ದೇಜ಼್ಯಾಂದ್ಯುಸ್ತ್ರಿಯಾಲಿಜ಼ಾಸ್ಯೋಂ' ಪದವನ್ನೇ ನೋಡಿ. ಒಂದು ನಾಡಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿಹೋಗುವುದಕ್ಕೆ ಈ ಹೆಸರು. ಬರೆದರೆ 20 ಅಕ್ಷರ. 'ಆ್ಯಂದ್ಯುಸ್ತ್ರಿ' ಅಂದರೆ ಕೈಗಾರಿಕೆ. ಅದರಿಂದ ವಿಶೇಷಣ 'ಆ್ಯಂದ್ಯುಸ್ತ್ರಿಯೆಲ್'. ಕ್ರಿಯಾಪದವಾಗುವಾಗ 'ಯೆಲ್' ಹೋಗಿ 'ಯಾಲ್' ಆಗುತ್ತದೆ: 'ಆ್ಯಂದ್ಯುಸ್ತ್ರಿಯಾಲಿಜ಼ೇ'. ಕೊನೆಗೆ 'ಆಸ್ಯೋಂ' ಸೇರಿ ನಾಮಪದ. ಮುಂದೆ 'ದೇಜ಼್' ಬಂದರೆ ಅರ್ಥ ತಲೆಕೆಳಗು. ಕಟ್ಟುವ ಕ್ರಮ ಇಷ್ಟೇ, ಚೆಂದವಾಗಿದೆ ಅಲ್ವಾ?

ಆದರೆ ಓದುವಾಗ ಯಾರೂ 'ದೇಜ಼್' ಅಂತ ನಿಲ್ಲಿಸುವುದಿಲ್ಲ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ಸ್ವರದ ಜೊತೆ ಹೋಗುತ್ತದೆ. ಹಾಗಾಗಿ ದೇ-ಜ಼್ಯಾಂ-ದ್ಯುಸ್-ತ್ರಿ-ಯಾ-ಲಿ-ಜ಼ಾ-ಸ್ಯೋಂ. ಒಟ್ಟು 8 ತುಂಡು. ಉಪಸರ್ಗದ ಕೊನೆಯ ವ್ಯಂಜನ ಮೂಲಪದದ ಮೊದಲ ತುಂಡಿಗೆ ಅಂಟಿಕೊಂಡಿತು. ನಾವೂ 'ಊರು' ಮತ್ತು 'ಅಲ್ಲಿ' ಸೇರಿಸಿ ಊ-ರ-ಲ್ಲಿ ಅನ್ನುತ್ತೇವೆ. 'ಊರ್' ಅಂತ ನಿಲ್ಲಿಸಿ, ಉಸಿರೆಳೆದುಕೊಂಡು 'ಅಲ್ಲಿ' ಅನ್ನುವವರನ್ನು ನೀವು ಕಂಡಿದ್ದೀರಾ?

'ಬೆಸುಗೆಯಲ್ಲಿ ಒಡೆದರೆ ಏನು ನಷ್ಟ, ಅರ್ಥವಾದರೆ ಸಾಕಲ್ಲ' ಎನ್ನುವವರು ಜಾಸ್ತಿ. ಉಚ್ಚಾರಣೆಯೇ ಕೆಡುತ್ತದೆ, ಅದೇ ನಷ್ಟ. ನಿಷೇಧ ಸೂಚಿಸುವ 'ಐ-ಎನ್' ಉಪಸರ್ಗ ವ್ಯಂಜನದ ಮುಂದೆ ಮೂಗಿನ ಸ್ವರವಾಗುತ್ತದೆ. ಅನ್ಯಾಯಕ್ಕೆ 'ಆ್ಯಂ-ಝ್ಯುಸ್-ತೀಸ್'. ಸ್ವರದ ಮುಂದೆ ಮೂಗಿನ ಸ್ವರ ಪೂರ್ತಿ ಮಾಯ. ಅಸಮಾನತೆಗೆ 'ಇ-ನೇ-ಗಾ-ಲಿ-ತೇ'. ಉಪಸರ್ಗ ಒಂದೇ, ಬರೆಯುವ ಅಕ್ಷರಗಳೂ ಅವೇ, ಆದರೆ ದನಿ ಎರಡು. ಬೆಸುಗೆಯಲ್ಲಿ ಒಡೆಯುವವರು 'ಆ್ಯಂ-ಎಗಾಲಿತೇ' ಅನ್ನುತ್ತಾರೆ. ಹಾಗೊಂದು ಪದವೇ ಫ್ರೆಂಚ್‌ನಲ್ಲಿಲ್ಲ. ದಯವಿಟ್ಟು ಈ ಅಭ್ಯಾಸ ಬಿಡಿ.

ಸಾಲಿನ ಕೊನೆಯಲ್ಲಿ ಪದ ಮುರಿಯುವಾಗ ಮುದ್ರಕರೂ ಸಾಮಾನ್ಯವಾಗಿ ಈ ತುಂಡುಗಳನ್ನೇ ಅನುಸರಿಸುತ್ತಾರೆ. ಎರಡು ಸ್ವರಾಕ್ಷರಗಳ ನಡುವೆ ಮಾತ್ರ ಕತ್ತರಿಸುವುದಿಲ್ಲ. ಹಾಗಾಗಿ ಬಾಯಲ್ಲಿ ಎರಡಾಗುವ 'ತ್ರಿ-ಯಾ' ಕಾಗದದ ಮೇಲೆ ಒಂದೇ ತುಂಡು.

ಹಾಗಾದರೆ ಬೆಸುಗೆ ಗೊತ್ತಿದ್ದು ಏನು ಉಪಯೋಗ? ಇದನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಲಿಂಗ ತಿಳಿಯುತ್ತದೆ! ಪದ ಎಷ್ಟೇ ಉದ್ದವಿರಲಿ, ಕೊನೆಯ ಪ್ರತ್ಯಯದ್ದೇ ತೀರ್ಮಾನ. 'ಆಸ್ಯೋಂ', 'ಇತೇ' ಬಂದರೆ ಸ್ತ್ರೀಲಿಂಗ. 'ಇಸ್ಮ್' ಬಂದರೆ ಪುಲ್ಲಿಂಗ. 'ಕೋಮಿತೇ' ಪುಲ್ಲಿಂಗವಲ್ಲವೇ ಅಂದರೆ, ಹೌದು. ಅದು ಸಮಿತಿ ಎಂಬರ್ಥದಲ್ಲಿ ಇಂಗ್ಲಿಷ್‌ನಿಂದ ಬಂದ ಇಡೀ ಪದ, ಅಲ್ಲಿ ಪ್ರತ್ಯಯವೇ ಇಲ್ಲ. ಕಷ್ಟ ಕೊಡುವುದು ಗಿಡ್ಡ ಪದಗಳು. ಸಮುದ್ರ, 'ಮೇರ್', ಸ್ತ್ರೀಲಿಂಗ. ಕಬ್ಬಿಣ, 'ಫೇರ್', ಪುಲ್ಲಿಂಗ. ಅವನ್ನು ಬಾಯಿಪಾಠ ಮಾಡಲೇಬೇಕು.