ಬೆಂಗಳೂರಿಗೆ ಬಂದ ಅಪ್‌ಡೇಟ್ ಸಿರುಗುಪ್ಪಕ್ಕೆ ಏಕೆ ಬಂದಿಲ್ಲ?

ಪ್ರಶ್ನೆ: ಸರ್, ಬೆಂಗಳೂರಿನಲ್ಲಿರುವ ನಮ್ಮ ಅಣ್ಣನ ಮಗನ ಫೋನಿಗೆ ಹೊಸ ಆಂಡ್ರಾಯ್ಡ್ ಬಂದು ತಿಂಗಳಾಗುತ್ತಾ ಬಂತು. ನನ್ನದೂ ಅದೇ ಕಂಪನಿಯ ಅದೇ ಫೋನ್. ದಿನವೂ ಸೆಟ್ಟಿಂಗ್ಸ್ ತೆರೆದು ನೋಡುತ್ತೇನೆ, ಏನೂ ಇಲ್ಲ. ನಮ್ಮ ಭಾಗಕ್ಕೆ ಯಾವಾಗ ಬಿಡುತ್ತಾರೆ?
– ಸಿರುಗುಪ್ಪದ ಓದುಗರು

ಉತ್ತರ: ಪ್ರತಿ ವರ್ಷ ಹೊಸ ಆಂಡ್ರಾಯ್ಡ್ ಬಂದಾಗಲೂ ಈ ಪ್ರಶ್ನೆ ಬರುತ್ತದೆ. ಒಮ್ಮೆ ಸಿಂಧನೂರಿನಿಂದ, ಒಮ್ಮೆ ಕುಷ್ಟಗಿಯಿಂದ, ಒಮ್ಮೆ ಸಂಡೂರಿನಿಂದ. ಊರಿನ ಹೆಸರು ಬದಲಾಗುತ್ತದೆ, ‘ನಮ್ಮ ಭಾಗಕ್ಕೆ ಯಾವಾಗ’ ಎಂಬುದು ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ದಯವಿಟ್ಟು ಕತ್ತರಿಸಿ ಇಟ್ಟುಕೊಳ್ಳಿ.

ಮೊದಲು ತಡವಾಗುವುದೇಕೆ ಎಂಬುದು. ಗೂಗಲ್ ಹೊಸ ಆಂಡ್ರಾಯ್ಡ್ ಬಿಡುಗಡೆ ಮಾಡಿದ ದಿನ ಅದು ನಿಮ್ಮ ಫೋನಿಗೆ ಸಿದ್ಧವಾಗಿರುವುದಿಲ್ಲ. ಕ್ವಾಲ್ಕಾಮ್, ಮೀಡಿಯಾಟೆಕ್‌ನಂಥ ಚಿಪ್ ತಯಾರಕರು ಅದನ್ನು ತಮ್ಮ ಚಿಪ್‌ಗೆ ಹೊಂದಿಸಬೇಕು. ಬಳಿಕ ಫೋನ್ ಕಂಪನಿ ತನ್ನ ಕ್ಯಾಮೆರಾ, ತನ್ನ ಮೆನು, ತನ್ನ ಅಲಂಕಾರವನ್ನೆಲ್ಲ ಸೇರಿಸಿ ಪರೀಕ್ಷಿಸಬೇಕು. ಇದನ್ನು ಒಂದೊಂದು ಮಾದರಿಗೂ ಬೇರೆ ಬೇರೆಯಾಗಿ ಮಾಡಬೇಕು. 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಬಂದ ‘ಪ್ರಾಜೆಕ್ಟ್ ಟ್ರೆಬಲ್’ ಚಿಪ್‌ಗೆ ಸಂಬಂಧಿಸಿದ ಭಾಗವನ್ನು ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿತು. ಕೆಲಸ ಹಗುರವಾಯಿತು, ಆದರೆ ಇಲ್ಲವಾಗಲಿಲ್ಲ. ಆ್ಯಪಲ್‌ಗೆ ಈ ತಾಪತ್ರಯವಿಲ್ಲ. ಚಿಪ್ಪೂ ಅದರದೇ, ತಂತ್ರಾಂಶವೂ ಅದರದೇ. ದುಬಾರಿ ಫೋನುಗಳಿಗೆ ಮೊದಲು, ಹನ್ನೆರಡು ಸಾವಿರದ ಫೋನಿಗೆ ಕೊನೆಗೆ ಎಂಬುದೂ ನಿಜ. ಆ ಅನ್ಯಾಯ ಬೆಲೆಯದು, ಊರಿನದಲ್ಲ.

ಈಗ ‘ನಮ್ಮ ಭಾಗ’ದ ವಿಷಯ. ಎಲ್ಲವೂ ನಮಗೆ ಕೊನೆಗೆ ಎಂಬ ಸಂಶಯ ಸುಮ್ಮನೆ ಹುಟ್ಟಿದ್ದಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿಗಾಗಿ ಈ ಭಾಗ ಎಷ್ಟು ವರ್ಷ ಹೋರಾಡಬೇಕಾಯಿತು ಎಂಬುದು ನಿಮಗೆ ಗೊತ್ತು. ರಾಯಚೂರಿಗೆ ಬೇಕೆಂದು ಕೇಳಿದ ಐಐಟಿ ಧಾರವಾಡಕ್ಕೆ ಹೋಯಿತು. ಏಮ್ಸ್‌ಗಾಗಿ ಧರಣಿ ಕೂತವರು ‘ನಮ್ಮನ್ನು ಕಡೆಗಣಿಸಿದ್ದಾರೆ’ ಎಂದರೆ ನಾನೂ ಹೌದೆನ್ನುತ್ತೇನೆ. ಆದರೆ ಫೋನಿನ ಅಪ್‌ಡೇಟನ್ನು ಈ ಪಟ್ಟಿಗೆ ಸೇರಿಸಬೇಡಿ. ನಿಮ್ಮ ಫೋನ್ ಅಪ್‌ಡೇಟ್ ಇದೆಯೇ ಎಂದು ಕೇಳಿದಾಗ ಕಂಪನಿಯ ಸರ್ವರ್ ನೋಡುವುದು ಮುಖ್ಯವಾಗಿ ಮೂರು ಸಂಗತಿ: ಮಾದರಿ ಸಂಖ್ಯೆ ಯಾವುದು, ಈಗ ಒಳಗಿರುವ ತಂತ್ರಾಂಶ ಯಾವುದು, ಫೋನ್ ಯಾವ ದೇಶದ ಆವೃತ್ತಿ. ದೇಶ ಲೆಕ್ಕಕ್ಕೆ ಬರುತ್ತದೆ, ಜಿಲ್ಲೆ ಬರುವುದಿಲ್ಲ. ದುಬೈಯಿಂದ ತಂದ ಫೋನಿಗೆ ಇಲ್ಲಿನದಕ್ಕಿಂತ ಬೇರೆ ದಿನ ಅಪ್‌ಡೇಟ್ ಬರಬಹುದು. ಬೆಂಗಳೂರಿನಲ್ಲಿ ಕೊಂಡದ್ದಕ್ಕೂ ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಕೊಂಡದ್ದಕ್ಕೂ ಸರ್ವರ್‌ಗೆ ಯಾವ ವ್ಯತ್ಯಾಸವೂ ಇಲ್ಲ.

ಹಾಗಿದ್ದರೆ ಅಣ್ಣನ ಮಗನಿಗೆ ಬಂದು ನಿಮಗೇಕಿಲ್ಲ? ಕಂಪನಿಗಳು ಅಪ್‌ಡೇಟನ್ನು ಎಲ್ಲರಿಗೂ ಒಂದೇ ದಿನ ಬಿಡುವುದಿಲ್ಲ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುವಂತೆ ಮೊದಲು ನೂರರಲ್ಲಿ ಒಂದು ಫೋನಿಗೆ ಬಿಟ್ಟು, ಕರೆ ಕಡಿತವಾಗುತ್ತಿದೆಯೇ, ಫೋನ್ ತಾನಾಗಿ ಆಫ್ ಆಗುತ್ತಿದೆಯೇ ಎಂದು ನೋಡುತ್ತಾರೆ. ತೊಂದರೆ ಕಾಣದಿದ್ದರೆ ಕಾಲು ಭಾಗ, ಅರ್ಧ, ಆಮೇಲೆ ಎಲ್ಲರಿಗೂ. ತೊಂದರೆ ಕಂಡರೆ ಅಲ್ಲಿಗೇ ನಿಲ್ಲಿಸುತ್ತಾರೆ. ಮೊದಲ ಗುಂಪಿನಲ್ಲಿ ಯಾರ ಫೋನ್ ಇರುತ್ತದೆ ಎಂಬುದು ಲಾಟರಿ. ಒಂದೇ ಮನೆಯ ಗಂಡ ಹೆಂಡತಿ ಒಂದೇ ದಿನ ಕೊಂಡ ಎರಡು ಫೋನುಗಳಿಗೂ ವಾರದ ಅಂತರದಲ್ಲಿ ಬರಬಹುದು. ಅವರಿಬ್ಬರಲ್ಲಿ ಯಾರು ಹಿಂದುಳಿದ ಪ್ರದೇಶದವರು, ನೀವೇ ಹೇಳಿ.

ಇದಕ್ಕೆ 5ಜಿ ಉದಾಹರಣೆ ಕೊಟ್ಟು ವಾದಿಸುವವರಿದ್ದಾರೆ. ‘ಅದು ದೊಡ್ಡ ನಗರಗಳಿಗೇ ಮೊದಲು ಬಂತಲ್ಲ?’ ಬಂತು, ಏಕೆಂದರೆ ಅದಕ್ಕೆ ಟವರ್ ಬೇಕು. ಟವರ್ ನೆಲದ ಮೇಲೆ ನಿಲ್ಲುವ ವಸ್ತು, ಎಲ್ಲಿ ಮೊದಲು ನಿಲ್ಲಿಸಬೇಕೆಂದು ಯಾರೋ ತೀರ್ಮಾನಿಸುತ್ತಾರೆ. ಆದರೆ ಅದೇ ಕಥೆಯ ಉಳಿದರ್ಧ ಕೇಳಿ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿಗೆ ಚಾಲನೆ ಸಿಕ್ಕಿತು. ಆಗ ತಲೆಯ ಮೇಲೆಯೇ 5ಜಿ ಟವರ್ ಇದ್ದ ಮಹಾನಗರಗಳ ಐಫೋನ್ ಮಾಲೀಕರಿಗೂ 5ಜಿ ಸಿಗಲಿಲ್ಲ. ಅವರು ಡಿಸೆಂಬರ್‌ನಲ್ಲಿ ಐಫೋನಿನ ತಂತ್ರಾಂಶದ ಅಪ್‌ಡೇಟ್ ಐಒಎಸ್ 16.2 ಬರುವವರೆಗೆ ಕಾದರು. ಅದು ಬಂದಾಗ ಕೊಪ್ಪಳದ ಐಫೋನಿಗೂ ಮುಂಬೈಯ ಐಫೋನಿಗೂ ಒಟ್ಟಿಗೇ ಬಂತು.

ಇನ್ನು ಅಪ್‌ಡೇಟನ್ನು ಸಿಮ್ ಕಂಪನಿ ತಡೆಹಿಡಿದಿದೆ ಎಂದು ಕೆಲವರು ಹೇಳುವುದು. ಅಮೆರಿಕದಲ್ಲಿ ಫೋನುಗಳನ್ನು ನೆಟ್‌ವರ್ಕ್ ಕಂಪನಿಗಳೇ ಮಾರುವ ಪದ್ಧತಿ ಇರುವುದರಿಂದ ಅಲ್ಲಿ ಅವುಗಳ ಒಪ್ಪಿಗೆಗೂ ಕಾಯಬೇಕಾಗುತ್ತದೆ. ನಾವು ಫೋನನ್ನು ಅಂಗಡಿಯಲ್ಲಿ, ಸಿಮ್ಮನ್ನು ಬೇರೆಡೆ ಕೊಳ್ಳುವವರು. ಸಿಮ್ ಬದಲಿಸಿ ಪ್ರಯೋಜನವಿಲ್ಲ.

ತಿಂಗಳಾಗುತ್ತಾ ಬಂತು ಎಂದಿದ್ದೀರಿ. ಅಷ್ಟು ದಿನವಾಗಿದ್ದರೆ ಲಾಟರಿಗಿಂತ ಬೇರೆ ಕಾರಣವೇ ಇರಬೇಕು. ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ನಲ್ಲಿ ಮಾದರಿ ಸಂಖ್ಯೆ ನೋಡಿ, ಹುಡುಗನಿಗೂ ನೋಡಲು ಹೇಳಿ. ಒಂದೇ ಹೆಸರಿನಲ್ಲಿ 4ಜಿ ಒಂದು, 5ಜಿ ಒಂದು ಮಾರುವುದು ಕಂಪನಿಗಳ ಹಳೆಯ ಅಭ್ಯಾಸ. ಒಳಗಿನ ಚಿಪ್ ಬೇರೆಯಾಗಿದ್ದರೆ ಅದು ಬೇರೆಯೇ ಫೋನ್. ‘ಅದೇ ಫೋನ್’ ಎಂದು ಬರೆದವರಲ್ಲಿ ಬಹಳ ಮಂದಿ ಈ ಸಂಖ್ಯೆ ನೋಡಿದ ಮೇಲೆ ಮತ್ತೆ ಬರೆಯುವುದಿಲ್ಲ.

ಆತುರಪಟ್ಟು ರಿಪೇರಿ ಅಂಗಡಿಯಲ್ಲಿ ‘ಹೊಸ ಸಾಫ್ಟ್‌ವೇರ್ ಹಾಕಿಕೊಡಿ’ ಎನ್ನಬೇಡಿ. ಬೇರೆ ಮಾದರಿಯದನ್ನು ತುಂಬಿದರೆ ಫೋನ್ ಏಳದಿರಬಹುದು. ಫೋನಿನ ತಂತ್ರಾಂಶಕ್ಕೆ ಕಂಪನಿ ಹಾಕಿದ ಲಾಕ್ ಒಡೆದು ತುಂಬಿದರೆ ಬ್ಯಾಂಕಿನ ಆ್ಯಪ್‌ಗಳು ಕೈಕೊಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ‘ಅಪ್‌ಡೇಟ್’ ಎಂದು ಬರುವ ಎಪಿಕೆ (ಆ್ಯಪ್ ಅಳವಡಿಸುವ) ಫೈಲನ್ನಂತೂ ಮುಟ್ಟಲೇಬೇಡಿ. ಅದು ನಿಮ್ಮ ಖಾತೆ ಖಾಲಿ ಮಾಡುವವರದು.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಇಷ್ಟು ಕಾದು ಅಪ್‌ಡೇಟ್ ಹಾಕಿಕೊಂಡವರೇ ಮರುದಿನ ‘ಫೋನ್ ಕಾದ ಹಂಚಾಗಿದೆ, ಬೇಕೆಂದೇ ಹಾಳು ಮಾಡಿದ್ದಾರೆ’ ಎಂದು ಬರೆಯುತ್ತಾರೆ. ಈ ಸಂಶಯಕ್ಕೆ ಒಂದಿಷ್ಟು ಆಧಾರವಿದೆ. ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದನ್ನು ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಫೋನ್ ಹಠಾತ್ತನೆ ಆಫ್ ಆಗದಿರಲೆಂದು ಹಾಗೆ ಮಾಡಿದೆವು ಎಂದಿತು. ಹೇಳದೆ ಮಾಡಿದ್ದು ತಪ್ಪೇ. ಆದರೆ ಸಾಮಾನ್ಯವಾಗಿ ಮರುದಿನದ ಬಿಸಿಗೆ ಕಾರಣ ಅದಲ್ಲ. ಹೊಸ ವ್ಯವಸ್ಥೆ ಬಂದಾಗ ಫೋನ್ ಎಲ್ಲ ಆ್ಯಪ್‌ಗಳನ್ನೂ ಹೊಸದಾಗಿ ಹೊಂದಿಸಿಕೊಳ್ಳುತ್ತದೆ, ಸಾವಿರಾರು ಫೋಟೊಗಳನ್ನು ಮತ್ತೆ ವಿಂಗಡಿಸುತ್ತದೆ. ಒಂದೆರಡು ದಿನ ಬಿಸಿಯೂ ಆಗುತ್ತದೆ, ಚಾರ್ಜೂ ಬೇಗ ಇಳಿಯುತ್ತದೆ. ಐಫೋನನ್ನು 35 ಡಿಗ್ರಿಯೊಳಗಿನ ಹವೆಯಲ್ಲಿ ಬಳಸಿ ಎಂದು ಆ್ಯಪಲ್ ಹೇಳುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ 40 ದಾಟುವುದು ಯಾರಿಗೂ ಸುದ್ದಿಯೇ ಅಲ್ಲ. ಮಟಮಟ ಮಧ್ಯಾಹ್ನ ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡು, ಮ್ಯಾಪ್ ಹಾಕಿಕೊಂಡು, ಅದರ ಮೇಲೆ ಅಪ್‌ಡೇಟನ್ನೂ ಒತ್ತಿದರೆ ಯಾವ ಕಂಪನಿ ಏನು ಮಾಡೀತು? ರಾತ್ರಿ ಹಾಕಿ, ಕವರ್ ತೆಗೆದು, ಫ್ಯಾನಿನ ಕೆಳಗೆ ಇಡಿ. ಮೂರನೆಯ ದಿನವೂ ಬಿಸಿ ಇಳಿಯದಿದ್ದರೆ ಆಗ ಬರೆಯಿರಿ, ಮಾದರಿ ಸಂಖ್ಯೆಯ ಸಮೇತ.