ಠಾಣೆಯ ಲೆಕ್ಕ ಇಳಿದಿತ್ತು, ಮನೆಯೊಳಗಿನ ಏಟು ಇಳಿದಿರಲಿಲ್ಲ

ಮಹಿಳೆಯರ ಮೇಲಿನ ಅಪರಾಧವೆಂದು 2019ರಲ್ಲಿ ದೇಶದಲ್ಲಿ ದಾಖಲಾದ ಪ್ರಕರಣ 4,05,326. ಲಾಕ್‌ಡೌನ್ ಕಂಡ 2020ರಲ್ಲಿ 3,71,503, ಮರುವರ್ಷ 4,28,278. ಹೆಂಗಸರು ಮನೆಯಲ್ಲಿದ್ದ ವರ್ಷ ಸುರಕ್ಷಿತವಾಗಿದ್ದರು ಎಂದು ಇದನ್ನು ಓದುವವರಿದ್ದಾರೆ. ಆದರೆ ಅದೇ 2020ರಲ್ಲಿ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಬಂದ ಕೌಟುಂಬಿಕ ಹಿಂಸೆಯ ದೂರು ಹಿಂದಿನ ವರ್ಷದ 2,960ರಿಂದ 5,297ಕ್ಕೆ ಏರಿತ್ತು. ಠಾಣೆಗೆ ಹೋಗಲು ಮನೆಯ ಹೊಸಿಲು ದಾಟಬೇಕು. ಆಯೋಗಕ್ಕೆ ಏಪ್ರಿಲ್ 10ರಿಂದ ವಾಟ್ಸ್‌ಆಪ್‌ನಲ್ಲೇ ಬರೆಯಬಹುದಿತ್ತು. ಬೀದಿಯಲ್ಲಿ, ಬಸ್ಸಿನಲ್ಲಿ ನಡೆಯುವ ಕಿರುಕುಳ ನಿಜಕ್ಕೂ ತಗ್ಗಿರಬಹುದು. ಮನೆಯೊಳಗಿನದು ಬೇರೆ ಮಾತು.

2020ರ ಏಪ್ರಿಲ್ ಕೊನೆಯ ಕೊರೊನಾ ವಲಯಗಳ ಪಟ್ಟಿಯಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ಹಸಿರು ವಲಯ. ಅದು ಸೋಂಕಿನ ಬಣ್ಣ ಅಷ್ಟೇ. ಜಗಳೂರಿನ ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬಸ್ಸಿಲ್ಲದಿದ್ದರೆ ದೂರು ಕೊಡುವುದು ಹೇಗೆ? ಮಂಡಕ್ಕಿ ಭಟ್ಟಿಯಲ್ಲೋ ಹೊಲದಲ್ಲೋ ದುಡಿಯುವ ಹೆಂಗಸಿಗೆ ಕೂಲಿ ನಿಂತರೆ ತವರಿಗೆ ಹೋಗುವ ದಾರಿಖರ್ಚೂ ಇಲ್ಲ. ಮನೆಗೆ ಒಂದೇ ಫೋನ್, ಅದೂ ಗಂಡನ ಜೇಬಿನಲ್ಲಿ. ಆಶಾ ಕಾರ್ಯಕರ್ತೆ ಜ್ವರ ವಿಚಾರಿಸಲು ಬಂದರೆ ಬಾಗಿಲಲ್ಲಿ ಉತ್ತರ ಕೊಡುವವನು ಅವನೇ. ಒಳಗಿನವಳ ಊದಿದ ಕೆನ್ನೆ ಸೆರಗಿನ ಮರೆಯಲ್ಲಿ.

ಇಂಥ ಹೊತ್ತಿಗೆ ದಾರಿ ಕಾನೂನಿನಲ್ಲೇ ಇದೆ, ಬಳಸುವವರು ಕಡಿಮೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರ ಅಡಿ ಮಾಹಿತಿಯನ್ನು ಆಕೆಯೇ ಕೊಡಬೇಕೆಂದಿಲ್ಲ. ಗೋಡೆಯಾಚೆ ಕೂಗು ಕೇಳಿದ ಪಕ್ಕದ ಮನೆಯವರೂ ಕೊಡಬಹುದು. ಸದುದ್ದೇಶದಿಂದ ಹೇಳಿದವರ ಮೇಲೆ ಕೇಸು ಹಾಕುವಂತಿಲ್ಲ. ನಮ್ಮಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ (ಸಿಡಿಪಿಒ) ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ತುರ್ತು ಸಂದರ್ಭದಲ್ಲಿ ನಂಬಬಹುದಾದ ಫೋನ್ ಕರೆ ಬಂದರೂ ಅವರು ಪೊಲೀಸರ ನೆರವು ಪಡೆದು ಸ್ಥಳಕ್ಕೆ ಹೋಗಿ, ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಬೇಕೆಂದು 2006ರ ನಿಯಮ 9 ಹೇಳುತ್ತದೆ. ಕರೆ ಮಾಡುವವರು 'ಜಗಳ ಆಗ್ತಿದೆ' ಎಂದಷ್ಟೇ ಹೇಳಿದರೆ ಅದು ಸಂಸಾರದ ಗಲಾಟೆ ಎಂದು ಮುಚ್ಚಿಹೋಗುತ್ತದೆ. ಯಾರು, ಯಾವ ಬೀದಿ, ಎಷ್ಟು ಹೊತ್ತಿನಿಂದ, ಕೈಯಲ್ಲಿ ಏನಿದೆ, ಮಕ್ಕಳಿದ್ದಾರೆಯೇ, ಇಷ್ಟೂ ಹೇಳಿ. ಆ ಕ್ಷಣಕ್ಕೆ ತುರ್ತು ಸಂಖ್ಯೆ 112, ಆಮೇಲಿನ ನೆರವಿಗೆ ಮಹಿಳಾ ಸಹಾಯವಾಣಿ 181.

ಎಡವುವುದು ಮುಂದಿನ ಹಂತದಲ್ಲಿ. ಪೊಲೀಸರು ಬುದ್ಧಿ ಹೇಳಿ ಕಳಿಸುತ್ತಾರೆ, ಕಾಗದ ಉಳಿಯುವುದಿಲ್ಲ. ಮೂರು ತಿಂಗಳ ನಂತರ 'ಅವತ್ತೇ ಯಾಕೆ ಹೇಳಲಿಲ್ಲ' ಎಂಬ ಪಾಟೀಸವಾಲು ಎದುರಾಗುತ್ತದೆ. ಆದ್ದರಿಂದ ಅರ್ಜಿ ಕೊಟ್ಟರೆ ಹಿಂಬರಹ, ಅಂದರೆ ಠಾಣೆಯ ಲಿಖಿತ ಉತ್ತರ, ಕೇಳಿ ಪಡೆಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ 'ಬಿದ್ದೆ' ಎನ್ನದೆ ಹೊಡೆದವರ ಹೆಸರು ಹೇಳಿ ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಮಾಡಿಸಿ.

ಲಾಕ್‌ಡೌನ್‌ನಲ್ಲಿ ಹೆಂಗಸನ್ನು ಎಲ್ಲಿಗೆ ಕಳಿಸುವುದು ಎಂಬ ಚಿಂತೆಯೇ ಮೊದಲು ಬರುತ್ತಿತ್ತು. ಅದೇ 2005ರ ಕಾಯ್ದೆಯ ಕಲಂ 19 ಇದನ್ನು ತಿರುಗಿಸುತ್ತದೆ: ಆಕೆ ಮನೆಯಲ್ಲೇ ಉಳಿಯಲಿ, ಗಂಡ ಹೊರಗೆ ಹೋಗಲಿ ಎಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಅರ್ಜಿ ಕೋರ್ಟಿಗೆ ಬಂದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಆಗಬೇಕು. ನೋಟಿಸ್ ಜಾರಿಯಾಗಲಿಲ್ಲವೆಂದು ವಾಯಿದೆ ಬೀಳುತ್ತಿದ್ದರೆ ಕಲಂ 23ರಡಿ ಏಕಪಕ್ಷೀಯ ಮಧ್ಯಂತರ ಆದೇಶ, ಅಂದರೆ ಎದುರು ಕಡೆಯವರು ಬರುವ ಮೊದಲೇ ಕೊಡುವ ತಾತ್ಕಾಲಿಕ ಆದೇಶ, ಕೇಳಿ. ಅದಕ್ಕೆ ಬೇಕಾದ ಅಫಿಡವಿಟ್ಟನ್ನು ನಮೂನೆ 3ರಲ್ಲಿ ಮೊದಲ ದಿನವೇ ಅರ್ಜಿಯ ಜೊತೆ ಲಗತ್ತಿಸಿ.